ಮಾರ್ಪಡಿಸಿದ ಕಾರಿನ ಇಂಧನ ಒತ್ತಡ ನಿಯಂತ್ರಕ: ದೋಷ ಪತ್ತೆ ಹೇಗೆ, ಬದಲಾವಣೆ ಹೇಗೆ?

ಮಧುಗಿರಿ: ತುಮಕೂರಿನಿಂದ ಕೊರಟಗೆರೆ, ಮಧುಗಿರಿ ದಾಟಿ ಪಾವಗಡದತ್ತ ಸಾಗುವ ರಸ್ತೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಕಾರು ನಿಂತುಹೋದರೆ ನೆರಳು ಸಿಗುವುದು ಕಷ್ಟ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ತಲೆ ಎತ್ತಿರುವುದೇ ಇಲ್ಲಿನ ಬಿಸಿಲಿಗೆ ಸಾಕ್ಷಿ. ಇಂತಹ ಕಡೆ ಪೆಟ್ರೋಲ್ ಕಾರು, ಅದರಲ್ಲಿಯೂ ಎಂಜಿನ್ ಮಾರ್ಪಡಿಸಿದ ಹಳೆಯ ಕಾರು ಸ್ಟಾರ್ಟ್ ಆಗದೆ ನಿಂತಾಗ ಸಾಮಾನ್ಯವಾಗಿ ಕೇಳಿಬರುವ ತೀರ್ಪು ಒಂದೇ: 'ಪಂಪ್ ಹೋಗಿದೆ ಸಾರ್'. ಹೊಸ ಪಂಪ್ ಬರುತ್ತದೆ, ಸಾವಿರಾರು ರೂಪಾಯಿ ಖರ್ಚಾಗುತ್ತದೆ, ವಾರ ಕಳೆಯುವಷ್ಟರಲ್ಲಿ ಕಾರು ಮತ್ತೆ ಅದೇ ಹಟ ಹಿಡಿಯುತ್ತದೆ.

ಪಂಪ್ ಬದಲಿಸಿದರೂ ಹೋಗದ ಇಂತಹ ತೊಂದರೆಯ ಮೂಲ ಅನೇಕ ವೇಳೆ ಎಂಜಿನ್ ಮೇಲಿರುವ, ಅಂಗೈಯಲ್ಲಿ ಹಿಡಿಯಬಹುದಾದ ಒಂದು ಲೋಹದ ಡಬ್ಬಿ. ಅದೇ ಇಂಧನ ಒತ್ತಡ ನಿಯಂತ್ರಕ. ಗ್ಯಾರೇಜಿನ ಮಾತಿನಲ್ಲಿ ಫ್ಯುಯೆಲ್ ಪ್ರೆಶರ್ ರೆಗ್ಯುಲೇಟರ್. ಆದರೆ ಮಾರ್ಪಡಿಸಿದ ಕಾರುಗಳಲ್ಲಿ ಇದಕ್ಕೆ ತದ್ವಿರುದ್ಧವಾದ ತಪ್ಪೂ ನಡೆಯುತ್ತದೆ. ಆರೋಗ್ಯವಾಗಿರುವ ರೆಗ್ಯುಲೇಟರನ್ನು ಕಿತ್ತೆಸೆದು ಹೊಸದನ್ನು ಹಾಕಿ, ನಿಜವಾದ ದೋಷವನ್ನು ಹಾಗೆಯೇ ಬಿಡಲಾಗುತ್ತದೆ. ಎರಡಕ್ಕೂ ಪರಿಹಾರ ಒಂದೇ. ಯಾವ ಭಾಗವನ್ನೂ ಬಿಚ್ಚುವ ಮೊದಲು ಗೇಜ್ ಜೋಡಿಸಿ ಒತ್ತಡವನ್ನು ಅಳೆಯಬೇಕು.

ಡಬ್ಬಿಯೊಳಗಿನ ಕೆಲಸ

ಪೆಟ್ರೋಲ್ ಟ್ಯಾಂಕಿನೊಳಗಿನ ವಿದ್ಯುತ್ ಪಂಪ್, ಎಂಜಿನ್‌ಗೆ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲನ್ನು ಸದಾ ಮೇಲಕ್ಕೆ ತಳ್ಳುತ್ತಿರುತ್ತದೆ. ಅದು ಫಿಲ್ಟರ್ ದಾಟಿ, ಇಂಜೆಕ್ಟರುಗಳನ್ನು ಕೂರಿಸಿರುವ ರೈಲ್ ಎಂಬ ಕೊಳವೆಗೆ ಬರುತ್ತದೆ. ರೈಲ್‌ನ ತುದಿಯಲ್ಲಿ ರೆಗ್ಯುಲೇಟರ್ ಇದೆ. ಇದರೊಳಗೆ ಒಂದು ರಬ್ಬರ್ ಪೊರೆ, ಅದನ್ನು ಒತ್ತಿ ಹಿಡಿದ ಒಂದು ಸ್ಪ್ರಿಂಗ್. ಒತ್ತಡ ನಿಗದಿತ ಮಟ್ಟ ಮೀರಿದೊಡನೆ ಪೊರೆ ಹಿಂದೆ ಸರಿದು ದಾರಿ ತೆರೆಯುತ್ತದೆ. ಹೆಚ್ಚಾದ ಪೆಟ್ರೋಲ್ ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ಮರಳುತ್ತದೆ. ಮಾರುತಿ ಎಸ್ಟೀಮ್, ಬಲೆನೊ, ಮೊದಲ ತಲೆಮಾರಿನ ಹೋಂಡಾ ಸಿಟಿಯಂತಹ ಎಂಪಿಎಫ್‌ಐ ಕಾರುಗಳಲ್ಲಿ ಇದೇ ವ್ಯವಸ್ಥೆ. ಇವುಗಳಲ್ಲಿ ಒತ್ತಡ ಸಾಮಾನ್ಯವಾಗಿ 3 ಬಾರ್ ಆಸುಪಾಸು, ಅಂದರೆ ಸುಮಾರು 43 ಪಿಎಸ್‌ಐ. ಟೈರಿಗೆ ಗಾಳಿ ತುಂಬಿಸುವಾಗ ಹೇಳುವ 30 'ಪಾಯಿಂಟ್' ಎಂದರೆ ಸುಮಾರು 2 ಬಾರ್ ಎಂಬುದನ್ನು ನೆನೆದರೆ ಓದುಗರಿಗೆ ಅಂದಾಜು ಸಿಕ್ಕೀತು. ನಿಖರ ಸಂಖ್ಯೆ ಮಾದರಿಯಿಂದ ಮಾದರಿಗೆ ಬೇರೆಯಾಗುವುದರಿಂದ ಆಯಾ ಕಾರಿನ ಸರ್ವಿಸ್ ಕೈಪಿಡಿಯನ್ನೇ ನಂಬಬೇಕು.

ರೆಗ್ಯುಲೇಟರಿನ ನೆತ್ತಿಯಿಂದ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಹೋಗುವ ಸಣ್ಣ ರಬ್ಬರ್ ಹೋಸ್ ಅಲಂಕಾರಕ್ಕಿರುವುದಲ್ಲ. ಇಂಜೆಕ್ಟರಿನ ಮೂತಿ ತೆರೆದುಕೊಳ್ಳುವುದು ಮ್ಯಾನಿಫೋಲ್ಡ್‌ನೊಳಗೆ. ಎಂಜಿನ್ ಐಡಲ್‌ನಲ್ಲಿರುವಾಗ ಅಲ್ಲಿ ಬಲವಾದ ಹೀರುವಿಕೆ, ಅಂದರೆ ವ್ಯಾಕ್ಯೂಮ್ ಇರುತ್ತದೆ; ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಇರುವುದಿಲ್ಲ. ಈ ಏರಿಳಿತಕ್ಕೆ ತಕ್ಕಂತೆ ರೆಗ್ಯುಲೇಟರ್ ರೈಲ್‌ನ ಒತ್ತಡವನ್ನು ಇಳಿಸಿ ಏರಿಸಿ, ಇಂಜೆಕ್ಟರಿನ ಹಿಂದು ಮುಂದಿನ ಒತ್ತಡದ ಅಂತರ ಸದಾ ಒಂದೇ ಇರುವಂತೆ ನೋಡಿಕೊಳ್ಳುತ್ತದೆ.

ಅಂತರ ಒಂದೇ ಇರಬೇಕಾದ ಕಾರಣ ಇಷ್ಟೇ. ಕಾರಿನ ಇಸಿಯು ಲೆಕ್ಕ ಹಾಕುವುದು ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಎಂಬುದನ್ನು ಮಾತ್ರ. ಇಂತಹ ಕಾರುಗಳಲ್ಲಿ ರೈಲ್‌ನ ಒತ್ತಡ ಅದಕ್ಕೆ ಕಾಣುವುದಿಲ್ಲ. ಹತ್ತು ಎಣಿಸುವಷ್ಟರಲ್ಲಿ ಬಿಂದಿಗೆ ತುಂಬುತ್ತದೆ ಎಂದು ನಂಬಿ ಕಣ್ಣು ಮುಚ್ಚಿ ನಲ್ಲಿ ತಿರುಗಿಸುವವನಂತೆ ಅದರ ಸ್ಥಿತಿ. ಇಂಜೆಕ್ಟರಿನಿಂದ ಹೊರಬೀಳುವ ಪೆಟ್ರೋಲ್, ಒತ್ತಡದ ವರ್ಗಮೂಲದ ಪ್ರಮಾಣದಲ್ಲಿ ಬದಲಾಗುತ್ತದೆ. 3 ಬಾರ್ ಇದ್ದುದು 4 ಆದರೆ ಸುಮಾರು ಶೇ 15ರಷ್ಟು ಹೆಚ್ಚು, 2ಕ್ಕೆ ಇಳಿದರೆ ಸುಮಾರು ಶೇ 18ರಷ್ಟು ಕಡಿಮೆ. ಮೊದಲನೆಯದು ಮೈಲೇಜ್ ಮತ್ತು ಕ್ಯಾಟಲಿಟಿಕ್ ಕನ್ವರ್ಟರನ್ನು ತಿನ್ನುತ್ತದೆ. ಎರಡನೆಯದು ಪಿಸ್ಟನ್ ತಿನ್ನುತ್ತದೆ.

ಮಾರ್ಪಾಡು ತರುವ ಗೊಂದಲ

ಕಾರ್ಖಾನೆಯಿಂದ ಬಂದಂತೆಯೇ ಇರುವ ಕಾರಿನಲ್ಲಿ ಒತ್ತಡ ತಪ್ಪಿದರೆ ಅನುಮಾನಿಸಬೇಕಾದ ಭಾಗಗಳು ನಾಲ್ಕೈದು. ಮಾರ್ಪಡಿಸಿದ ಕಾರಿನಲ್ಲಿ ಹಾಗಲ್ಲ. ಅಲ್ಲಿ ಒಂದು ಭಾಗವನ್ನು ದೊಡ್ಡದು ಮಾಡಿದವರು ಅದರ ಜೊತೆಗಾರ ಭಾಗವನ್ನು ಹಾಗೆಯೇ ಬಿಟ್ಟಿರುತ್ತಾರೆ.

ಬಹಳ ಸಾಮಾನ್ಯವಾದ ಉದಾಹರಣೆ ದೊಡ್ಡ ಪಂಪ್‌ನದು. ಗಂಟೆಗೆ 255 ಲೀಟರ್ ತಳ್ಳುವ ವಾಲ್‌ಬ್ರೊ ಪಂಪ್ ಈ ಹವ್ಯಾಸಿಗಳ ನಡುವೆ ಜಗತ್ತಿನಾದ್ಯಂತ ಜನಪ್ರಿಯ. ಅದನ್ನು ಸಣ್ಣ ಕಾರಿಗೆ ಕೂರಿಸಿದಾಗ ಐಡಲ್‌ನಲ್ಲಿ ಬಹುಪಾಲು ಪೆಟ್ರೋಲ್ ರಿಟರ್ನ್ ದಾರಿಯಲ್ಲೇ ಮರಳಬೇಕು. ಕಾರ್ಖಾನೆಯವರು ಕೊಟ್ಟ ಕಿರಿದಾದ ರಿಟರ್ನ್ ಪೈಪ್ ಅಷ್ಟನ್ನು ಸಾಗಿಸಲಾರದು. ರೆಗ್ಯುಲೇಟರ್ ಪೂರ್ತಿ ಬಾಯ್ತೆರೆದು ನಿಂತರೂ ಒತ್ತಡ ಇಳಿಯುವುದಿಲ್ಲ. ಹೊಂದಿಸಬಹುದಾದ ರೆಗ್ಯುಲೇಟರ್ ಹಾಕಿದ್ದರೆ ಪರೀಕ್ಷೆ ಸುಲಭ: ಅದರ ಸ್ಕ್ರೂ ಪೂರ್ತಿ ಸಡಿಲಿಸಿದರೂ ಗೇಜ್‌ನ ಮುಳ್ಳು ಒಂದು ಹಂತದಿಂದ ಕೆಳಗೆ ಬರಲೊಲ್ಲದು ಎಂದಾದರೆ ತಪ್ಪು ರಿಟರ್ನ್ ಪೈಪಿನದು. ಇಲ್ಲಿ ಎಷ್ಟು ರೆಗ್ಯುಲೇಟರ್ ಬದಲಿಸಿದರೂ ಫಲವಿಲ್ಲ.

ಎರಡನೆಯದು ವ್ಯಾಕ್ಯೂಮ್ ಹೋಸ್ ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆ. ಥ್ರಾಟಲ್ ತಟ್ಟೆಯ ಹಿಂದೆ, ಮ್ಯಾನಿಫೋಲ್ಡ್‌ನಿಂದಲೇ ಅದು ಹೊರಡಬೇಕು. ತಟ್ಟೆಯ ಮುಂದಿನಿಂದ ತೆಗೆದುಕೊಂಡಿದ್ದರೆ ಐಡಲ್‌ನಲ್ಲಿ ವ್ಯಾಕ್ಯೂಮ್ ಸಿಗದೆ ಕಾರು ಕಪ್ಪು ಹೊಗೆ ಉಗುಳುತ್ತದೆ. ಇನ್ನು ದೊಡ್ಡ ಕ್ಯಾಮ್‌ಶಾಫ್ಟ್ ಹಾಕಿದ ಎಂಜಿನ್‌ನಲ್ಲಿ ವ್ಯಾಕ್ಯೂಮ್ ಸಹಜವಾಗಿಯೇ ದುರ್ಬಲ. ಗೇಜ್‌ನ ಮುಳ್ಳು ನಡುಗುತ್ತದೆ, ಐಡಲ್ ಒತ್ತಡವೂ ತುಸು ಹೆಚ್ಚಿರುತ್ತದೆ. ಇದು ರೆಗ್ಯುಲೇಟರಿನ ರೋಗವಲ್ಲ, ಕ್ಯಾಮ್‌ಶಾಫ್ಟಿನ ಸ್ವಭಾವ.

ಟರ್ಬೊ ಜೋಡಿಸಿದ ಕಾರಿನಲ್ಲಂತೂ ಈ ಸಣ್ಣ ಹೋಸ್‌ನ ಮೇಲೆಯೇ ಎಂಜಿನ್‌ನ ಪ್ರಾಣ ನಿಂತಿದೆ. ಟರ್ಬೊ ಅರ್ಧ ಬಾರ್ ಗಾಳಿ ಒತ್ತಿದರೆ ಇಂಧನದ ಒತ್ತಡವೂ ಅರ್ಧ ಬಾರ್ ಏರಬೇಕು. ಕ್ಲಿಪ್ ಇಲ್ಲದ ಹೋಸ್ ಆ ಗಾಳಿಯ ರಭಸಕ್ಕೆ ಕಳಚಿಕೊಂಡರೆ, ಪೆಟ್ರೋಲ್ ಅತ್ಯಂತ ಅಗತ್ಯವಿರುವ ಗಳಿಗೆಯಲ್ಲೇ ಕೊರತೆ ಬೀಳುತ್ತದೆ. ಮಿಶ್ರಣ ತೆಳುವಾಗಿ, ಎಂಜಿನ್ ಕಟಕಟ ನಾಕಿಂಗ್ ಮಾಡಿ, ಕೆಲವೇ ಕ್ಷಣಗಳಲ್ಲಿ ಪಿಸ್ಟನ್ ಕರಗುವುದೂ ಉಂಟು. ಶಿರಾ ಬಳಿಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಆರಾಮವಾಗಿ ಓಡಿದ ಕಾರು ದೇವರಾಯನದುರ್ಗದ ಏರಿನಲ್ಲಿ ಕೈಕೊಟ್ಟರೆ ಮೊದಲು ನೋಡಬೇಕಾದುದು ಇದನ್ನೇ.

ಗ್ಯಾಸ್ ಕಿಟ್ ಅಳವಡಿಸಿದ ಕಾರುಗಳ ವಿಚಾರ ಬೇರೆ. ತಿಂಗಳುಗಟ್ಟಲೆ ಪೆಟ್ರೋಲ್ ಬಳಸದೆ ಓಡಿಸಿದರೆ ಪೊರೆ ಮತ್ತು ಓ ರಿಂಗ್‌ಗಳು ಗಡಸಾಗಬಹುದು. ಗ್ಯಾಸ್ ಕಿಟ್‌ನಲ್ಲಿರುವ ರೆಡ್ಯೂಸರ್ ಕೂಡ ಒತ್ತಡ ನಿಯಂತ್ರಕವೇ, ಆದರೆ ಈ ಲೇಖನದ ವಿಷಯ ಅದಲ್ಲ. ಅದನ್ನು ಅಧಿಕೃತ ಕೇಂದ್ರದಲ್ಲಿಯೇ ಬಿಚ್ಚಿಸಬೇಕು.

ಲಕ್ಷಣಗಳು

ಒತ್ತಡ ಹೆಚ್ಚಾದಾಗ ಕಪ್ಪು ಹೊಗೆ, ಸೈಲೆನ್ಸರಿನಿಂದ ಪೆಟ್ರೋಲ್ ವಾಸನೆ, ಮಸಿ ಹಿಡಿದ ಸ್ಪಾರ್ಕ್ ಪ್ಲಗ್, ಇಳಿದ ಮೈಲೇಜ್. ಕಡಿಮೆಯಾದಾಗ ಓವರ್‌ಟೇಕ್ ಮಾಡುವ ಹೊತ್ತಿಗೆ ಎಂಜಿನ್ ತಡವರಿಸುವುದು, ಏರಿನಲ್ಲಿ ನಾಕಿಂಗ್, ಬೆಳಗ್ಗೆ ಹೆಚ್ಚು ಹೊತ್ತು ಸೆಲ್ಫ್ ಹೊಡೆಯಬೇಕಾಗುವುದು.

ಈ ಬಯಲುಸೀಮೆಯ ತಾಲ್ಲೂಕುಗಳಲ್ಲಿ ವಿಶೇಷವಾಗಿ ಗಮನಿಸಬೇಕಾದ ಲಕ್ಷಣ ಇನ್ನೊಂದಿದೆ. ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಕಾರು, ಬಿಸಿಲಲ್ಲಿ ಓಡಿ ಕಾಫಿಗೆಂದು ಕಾಲು ಗಂಟೆ ನಿಂತ ಮೇಲೆ ಸ್ಟಾರ್ಟ್ ಆಗಲು ಒದ್ದಾಡುತ್ತದೆ. ಎಂಜಿನ್ ಆಫ್ ಮಾಡಿದ ಮೇಲೂ ರೈಲ್‌ನಲ್ಲಿ ಸ್ವಲ್ಪ ಒತ್ತಡ ಉಳಿದಿರಬೇಕು. ಒತ್ತಡದಲ್ಲಿರುವ ಪೆಟ್ರೋಲ್ ಸುಲಭವಾಗಿ ಕುದಿಯುವುದಿಲ್ಲ. ರೆಗ್ಯುಲೇಟರ್ ಸೋರಿ ಒತ್ತಡ ಪೂರ್ತಿ ಇಳಿದುಹೋದರೆ, ಕಾದ ಎಂಜಿನ್ ಮೇಲಿನ ರೈಲ್‌ನಲ್ಲಿ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ರೈಲ್ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವ ಹಳೆಯ ಉಪಾಯದಿಂದ ಆ ಹೊತ್ತಿಗೆ ಕೆಲಸ ಆದೀತು, ದೋಷ ಹೋಗುವುದಿಲ್ಲ.

ಮೊದಲು ಸುರಕ್ಷತೆ

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಹೋಗದೆ ನೆಲದ ಮೇಲೆ ಹರಡಿ, ಗ್ಯಾರೇಜಿನ ಪಿಟ್‌ನಲ್ಲಿ ತುಂಬಿಕೊಳ್ಳುತ್ತದೆ. ಆದ್ದರಿಂದ ಈ ಕೆಲಸವನ್ನು ಮುಚ್ಚಿದ ಶೆಡ್‌ನಲ್ಲಾಗಲೀ ಪಿಟ್ ಮೇಲಾಗಲೀ ಮಾಡಬಾರದು. ಎಂಜಿನ್ ತಣ್ಣಗಿರಬೇಕು. ಬೀಡಿ, ಸಿಗರೇಟು, ಉರಿಯುವ ಬಲ್ಬ್ ಹತ್ತಿರ ಸುಳಿಯಬಾರದು. ಡ್ರೈ ಪೌಡರ್ ಅಗ್ನಿಶಾಮಕ ಕೈಗೆಟುಕುವಲ್ಲಿರಬೇಕು. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಬೆಂಕಿ ಹರಡುತ್ತದೆ.

ಹೋಸ್ ಬಿಚ್ಚುವ ಮೊದಲು ಪಂಪ್‌ನ ಫ್ಯೂಸ್ ಅಥವಾ ರಿಲೇ ಕಿತ್ತು ಎಂಜಿನ್ ಸ್ಟಾರ್ಟ್ ಮಾಡಿ, ಅದು ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಹೀಗೆ ಒತ್ತಡ ಇಳಿಸಿದ ಬಳಿಕ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಜೋಡಣೆಯ ಸುತ್ತ ಬಟ್ಟೆ ಸುತ್ತಿ ಸಡಿಲಿಸಬೇಕು. ಉಳಿದ ನಾಲ್ಕು ಹನಿ ಕಣ್ಣಿಗೆ ಸಿಡಿಯುವ ಸಾಧ್ಯತೆ ಇರುವುದರಿಂದ ಕನ್ನಡಕ ಧರಿಸುವುದು ಒಳ್ಳೆಯದು.

ಗೇಜ್ ಹೇಳುವ ಕಥೆ

ಗೇಜ್ ಬೇಡದ ಪರೀಕ್ಷೆಯೊಂದಿದೆ. ಅದನ್ನೇ ಮೊದಲು ಮಾಡಬೇಕು. ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಬಿಚ್ಚಿ ಮೂಸಿ ನೋಡಿ. ಒಳಗೆ ಪೆಟ್ರೋಲ್ ಹನಿ ಇದ್ದರೆ ಪೊರೆ ಹರಿದಿದೆ ಎಂದೇ ಅರ್ಥ. ಹರಿದ ಪೊರೆಯಿಂದ ಹಸಿ ಪೆಟ್ರೋಲ್ ನೇರವಾಗಿ ಎಂಜಿನ್‌ಗೆ ಹೋಗುತ್ತಿರುತ್ತದೆ. ಇಂತಹ ಕಾರನ್ನು ಬೆಂಗಳೂರಿನವರೆಗೆ ಓಡಿಸಿಕೊಂಡು ಹೋಗಿ ರಿಪೇರಿ ಮಾಡಿಸುವ ಸಾಹಸ ಬೇಡ. ಎಲ್ಲಿದೆಯೋ ಅಲ್ಲಿಯೇ ಬದಲಿಸಬೇಕು.

ಹೋಸ್ ಒಣಗಿದ್ದರೆ ಫಿಲ್ಟರ್ ಮತ್ತು ರೈಲ್ ನಡುವೆ ಟಿ ಜೋಡಣೆ ಹಾಕಿ ಗೇಜ್ ಕೂರಿಸಬೇಕು. ಕೆಲವು ಕಾರುಗಳಲ್ಲಿ ರೈಲ್ ಮೇಲೆಯೇ ಇದಕ್ಕೆ ಜಾಗವಿರುತ್ತದೆ. ಫ್ಯೂಸ್, ಬ್ಯಾಟರಿ ಮರುಜೋಡಿಸಿ ಇಗ್ನಿಷನ್ ಕೀ ತಿರುಗಿಸಿದಾಗ ಪಂಪ್ ಎರಡು ಮೂರು ಸೆಕೆಂಡ್ ಓಡಿ ನಿಲ್ಲುತ್ತದೆ. 3 ಬಾರ್‌ನ ವ್ಯವಸ್ಥೆಯಲ್ಲಿ ಐಡಲ್‌ನಲ್ಲಿ ಒತ್ತಡ ಸುಮಾರು 2.5ರ ಹತ್ತಿರ ಇರಬೇಕು. ವ್ಯಾಕ್ಯೂಮ್ ಹೋಸ್ ಕಿತ್ತು ಅದರ ಬಾಯಿಯನ್ನು ಬೆರಳಿನಿಂದ ಮುಚ್ಚಿದಾಗ ತಕ್ಷಣ 3ಕ್ಕೆ ಏರಬೇಕು. ಏರದೆ ನಿಂತಲ್ಲೇ ನಿಂತರೆ, ಹೋಸ್‌ನಲ್ಲಿ ವ್ಯಾಕ್ಯೂಮ್ ಇರುವುದನ್ನು ಖಚಿತಪಡಿಸಿಕೊಂಡ ಮೇಲೆ, ರೆಗ್ಯುಲೇಟರನ್ನು ದೂರಬಹುದು.

ಒತ್ತಡ ಕಡಿಮೆ ತೋರಿಸಿದರೆ ಪಂಪ್ ದುರ್ಬಲವೋ, ರೆಗ್ಯುಲೇಟರ್ ಸೋರಿಕೆಯೋ ಎಂಬ ಪ್ರಶ್ನೆ ಏಳುತ್ತದೆ. ರಬ್ಬರಿನ ರಿಟರ್ನ್ ಹೋಸ್ ಅನ್ನು ಹಲ್ಲಿಲ್ಲದ ಕ್ಲ್ಯಾಂಪ್‌ನಿಂದ ಎರಡೇ ಸೆಕೆಂಡ್ ಅದುಮಿದಾಗ ಮುಳ್ಳು ಸರ್ರನೆ ಮೇಲೇರಿದರೆ ಪಂಪ್‌ನಲ್ಲಿ ಶಕ್ತಿ ಇದೆ, ರೆಗ್ಯುಲೇಟರ್ ಬೇಗನೆ ಬಾಯಿ ಬಿಡುತ್ತಿದೆ. ಏರದಿದ್ದರೆ ಫಿಲ್ಟರ್, ಪಂಪ್, ಅಥವಾ ಪಂಪ್‌ಗೆ ಹೋಗುವ ವಿದ್ಯುತ್ತಿನ ದೋಷ. ಎರಡು ಸೆಕೆಂಡಿಗಿಂತ ಹೆಚ್ಚು ಅದುಮಿದರೆ ಒತ್ತಡ ದುಪ್ಪಟ್ಟಾಗಿ ಎಲ್ಲಾದರೂ ಹೋಸ್ ಬಿಚ್ಚಿಕೊಂಡೀತು. ನೈಲಾನ್ ಪೈಪ್, ಸ್ಟೀಲ್ ಹೆಣಿಗೆಯ ಹೋಸ್, ಬಿರುಕು ಬಿಟ್ಟ ಹಳೆಯ ರಬ್ಬರ್ ಇವುಗಳ ಮೇಲೆ ಈ ಪ್ರಯೋಗ ಸಲ್ಲದು. ಮಾರ್ಪಡಿಸಿದ ಕಾರಿನಲ್ಲಿ ಪಂಪ್‌ನ ವೈರಿಂಗ್ ಕೂಡ ಸಂಶಯಾಸ್ಪದ. ದೊಡ್ಡ ಪಂಪ್‌ಗೆ ಹಳೆಯ ತೆಳು ತಂತಿಯನ್ನೇ ಬಿಟ್ಟಿದ್ದರೆ, ಎಂಜಿನ್ ಓಡುವಾಗ ಪಂಪ್‌ನ ತುದಿಯಲ್ಲಿ 13 ವೋಲ್ಟಿಗೂ ಹೆಚ್ಚು ಸಿಗಬೇಕಾದಲ್ಲಿ 11 ಮಾತ್ರ ಸಿಗಬಹುದು.

ಬಿಸಿ ಸ್ಟಾರ್ಟ್ ತೊಂದರೆಗೆ ಸೋರಿಕೆ ಪರೀಕ್ಷೆ ಬೇಕು. ಎಂಜಿನ್ ನಿಲ್ಲಿಸಿ ಗೇಜ್ ನೋಡುತ್ತಿರಬೇಕು. ಒತ್ತಡ ಬೇಗ ಬಿದ್ದುಹೋದರೆ, ಮತ್ತೊಮ್ಮೆ ಎಂಜಿನ್ ಓಡಿಸಿ ನಿಲ್ಲಿಸಿದ ಕೂಡಲೇ ರಿಟರ್ನ್ ಹೋಸ್ ಅದುಮಬೇಕು. ಈಗ ಒತ್ತಡ ನಿಂತರೆ ಸೋರುತ್ತಿರುವುದು ರೆಗ್ಯುಲೇಟರ್. ಪಂಪ್ ಕಡೆಯ ಹೋಸ್ ಅದುಮಿದಾಗ ನಿಂತರೆ ಪಂಪಿನೊಳಗಿನ ಚೆಕ್ ವಾಲ್ವ್. ಎರಡನ್ನೂ ಅದುಮಿದರೂ ಬೀಳುತ್ತಿದ್ದರೆ ಯಾವುದೋ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ. ಹತ್ತು ನಿಮಿಷದ ಈ ಕೆಲಸ ಮಾಡದೆ ಮೂರೂ ಭಾಗಗಳಿಗೆ ಹಣ ತೆತ್ತವರು ಇದ್ದಾರೆ.

ನಿಂತ ಕಾರಿನಲ್ಲಿ ಎಲ್ಲ ಸರಿ ಕಂಡು ರಸ್ತೆಯಲ್ಲಿ ಮಾತ್ರ ತೊಂದರೆಯಾದರೆ, ಗೇಜನ್ನು ಬಾನೆಟ್‌ನ ಹೊರಗೆ ತಂದು ಗಾಜಿನ ಹೊರಬದಿಯಲ್ಲಿ ಟೇಪ್ ಹಾಕಿ ಅಂಟಿಸಿ, ಏರು ರಸ್ತೆಯಲ್ಲಿ ಓಡಿಸಿ ನೋಡಬೇಕು. ಗೇಜ್ ಓದಲು ಪಕ್ಕದಲ್ಲಿ ಇನ್ನೊಬ್ಬರಿರಬೇಕು. ಪೆಟ್ರೋಲ್ ತುಂಬಿದ ಗೇಜ್ ಹೋಸ್ ಅನ್ನು ಕಾರಿನೊಳಗೆ ತರಕೂಡದು.

ಬದಲಾಯಿಸುವ ಕ್ರಮ

ಹೊಸ ರೆಗ್ಯುಲೇಟರ್ ಕೊಳ್ಳುವಾಗ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದೇ ಉತ್ತಮ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ನೋಡಲು ತದ್ರೂಪಿಯಾದ ಹತ್ತು ಡಬ್ಬಿ ತೋರಿಸಿಯಾರು. 2.5, 3, 3.5 ಬಾರ್‌ನ ರೆಗ್ಯುಲೇಟರುಗಳು ಹೊರನೋಟಕ್ಕೆ ಒಂದೇ. ಮೈಮೇಲೆ ಒತ್ತಿರುವ ಭಾಗ ಸಂಖ್ಯೆಯನ್ನು ಹೋಲಿಸಿಯೇ ಕೊಳ್ಳಬೇಕು. ಹೊಂದಿಸಬಹುದಾದ ರೆಗ್ಯುಲೇಟರುಗಳಲ್ಲಿ ಅಗ್ಗದ ನಕಲುಗಳು ಹೇರಳ. ಟರ್ಬೊ ಇಲ್ಲದ, ಇಂಜೆಕ್ಟರ್ ಬದಲಿಸದ ಕಾರಿಗೆ ಅವುಗಳ ಅಗತ್ಯವೇ ಇಲ್ಲ ಎಂಬುದು ಈ ಲೇಖಕನ ಸ್ಪಷ್ಟ ಅಭಿಪ್ರಾಯ.

ಒತ್ತಡ ಇಳಿಸಿ, ಬ್ಯಾಟರಿ ಬಿಚ್ಚಿದ ನಂತರ ರಿಟರ್ನ್ ಹೋಸ್ ಮತ್ತು ವ್ಯಾಕ್ಯೂಮ್ ಹೋಸ್ ತೆಗೆದು, ಎರಡು ಸಣ್ಣ ಬೋಲ್ಟ್ ಅಥವಾ ಒಂದು ಕ್ಲಿಪ್ ಬಿಚ್ಚಿದರೆ ರೆಗ್ಯುಲೇಟರ್ ಹೊರಬರುತ್ತದೆ. ಹಳೆಯ ಓ ರಿಂಗ್ ರೈಲ್‌ನ ರಂಧ್ರದಲ್ಲೇ ಅಂಟಿಕೊಂಡು ಉಳಿಯುವುದುಂಟು. ಅದನ್ನು ಗಮನಿಸದೆ ಹೊಸದನ್ನು ತುರುಕಿದರೆ ಸೋರಿಕೆ ಖಂಡಿತ. ಓ ರಿಂಗ್ ಯಾವಾಗಲೂ ಹೊಸದೇ ಇರಬೇಕು. ಅದಕ್ಕೆ ತುಸು ಎಂಜಿನ್ ಆಯಿಲ್ ಸವರಿ, ತಿರುಚದೆ ನೇರವಾಗಿ ಒತ್ತಿ ಕೂರಿಸಬೇಕು. ಬೋಲ್ಟ್‌ಗಳು ಚಿಕ್ಕವು, ರೈಲ್ ಅಲ್ಯೂಮಿನಿಯಂನದಾಗಿದ್ದರೆ ಬಿಗಿಯುವಾಗ ಕೈಬಲ ತೋರಿಸಬಾರದು.

ಹೋಸ್‌ಗಳ ವಿಷಯದಲ್ಲಿ ಜಿಪುಣತನ ಬೆಂಕಿಗೆ ಆಹ್ವಾನ. ಕಾರ್ಬ್ಯುರೇಟರ್ ಕಾಲದ ಸಾಧಾರಣ ಪೆಟ್ರೋಲ್ ಪೈಪ್ 3 ಬಾರ್ ಒತ್ತಡಕ್ಕೆ ತಯಾರಾದುದಲ್ಲ. 'ಎಸ್‌ಎಇ 30ಆರ್9' ಎಂದು ಮುದ್ರಿತವಾದ, ಇಂಜೆಕ್ಷನ್ ವ್ಯವಸ್ಥೆಗೆಂದೇ ಇರುವ ಹೋಸ್ ಬಳಸಬೇಕು. ರಬ್ಬರ್ ಕೊಯ್ಯದ ನಯವಾದ ಅಂಚಿನ ಕ್ಲ್ಯಾಂಪ್ ಇರಲಿ. ಜೋಡಣೆಗಳಿಗೆ ಟೆಫ್ಲಾನ್ ಟೇಪ್ ಸುತ್ತುವ ನಲ್ಲಿ ರಿಪೇರಿಯ ಅಭ್ಯಾಸ ಇಲ್ಲಿ ನಡೆಯದು. ಅದರ ಎಳೆಗಳು ಕಳಚಿ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ.

ಎಲ್ಲ ಜೋಡಿಸಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡದೆ ಕೀಯನ್ನು ನಾಲ್ಕೈದು ಬಾರಿ ಆನ್ ಆಫ್ ಮಾಡಿ ಒತ್ತಡ ತುಂಬಿಸಿ, ಪ್ರತಿ ಜೋಡಣೆಯನ್ನೂ ಟಿಶ್ಯೂ ಕಾಗದದಿಂದ ಒರೆಸಿ ನೋಡಬೇಕು. ಕಾಗದ ಒಣಗಿದ್ದರೆ ಮಾತ್ರ ಸ್ಟಾರ್ಟ್. ಹೊಂದಿಸಬಹುದಾದ ರೆಗ್ಯುಲೇಟರ್ ಆಗಿದ್ದಲ್ಲಿ ವ್ಯಾಕ್ಯೂಮ್ ಹೋಸ್ ತೆಗೆದು, ಬಾಯಿ ಮುಚ್ಚಿ, ಐಡಲ್‌ನಲ್ಲಿ ಮೂಲ ಒತ್ತಡ ಹೊಂದಿಸಿ ಲಾಕ್ ನಟ್ ಬಿಗಿಯಬೇಕು. ಹೋಸ್ ಜೋಡಿಸಿಕೊಂಡೇ 3 ಬಾರ್‌ಗೆ ಹೊಂದಿಸುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ನಿಜವಾದ ಒತ್ತಡ 3.5 ದಾಟಿರುತ್ತದೆ. ಇಸಿಯು ಮರುಟ್ಯೂನ್ ಮಾಡಿದ ಕಾರಾಗಿದ್ದರೆ, ಟ್ಯೂನ್ ಮಾಡಿದಾಗ ಇದ್ದ ಒತ್ತಡವನ್ನೇ ಮರಳಿ ಇಡಬೇಕು.

ಎಥೆನಾಲ್ ಪೆಟ್ರೋಲ್

ತುಮಕೂರು ರಸ್ತೆಯಲ್ಲಿರುವ ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ 2023ರ ಫೆಬ್ರುವರಿ 6ರಂದು ಪ್ರಧಾನಿ ನರೇಂದ್ರ ಮೋದಿ ಅವರು ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ನೀಡಿದರು. ಆಗ ಅದು 84 ಬಂಕ್‌ಗಳಲ್ಲಿ ಲಭ್ಯವಿತ್ತು. 2025ರ ಹೊತ್ತಿಗೆ ಅದೇ ದೇಶದ ಸಾಮಾನ್ಯ ಪೆಟ್ರೋಲ್ ಆಯಿತು. ಎಥೆನಾಲ್ ಪೂರ್ತಿ ಉರಿಯಲು ಕಡಿಮೆ ಗಾಳಿ ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಒಂದು ಭಾಗ ಶುದ್ಧ ಪೆಟ್ರೋಲಿಗೆ 14.7 ಭಾಗ ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಆಕ್ಸಿಜನ್ ಸೆನ್ಸರ್ ಇರುವ ಕಾರು ನಿಧಾನ ಚಾಲನೆಯಲ್ಲಿ ಈ ವ್ಯತ್ಯಾಸ ಸರಿದೂಗಿಸಿಕೊಳ್ಳುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಹಳೆಯ ಟ್ಯೂನ್‌ನ ಕಾರಿಗೆ ಆ ಸೌಕರ್ಯವಿಲ್ಲ. ಆದ್ದರಿಂದಲೇ ಕೆಲವರು ಒತ್ತಡವನ್ನು ಅರ್ಧ ಬಾರ್ ಏರಿಸುತ್ತಾರೆ. ಲೆಕ್ಕದ ಪ್ರಕಾರ ಅದು ಶೇ 8ರಷ್ಟು ಹೆಚ್ಚು ಇಂಧನ ಕೊಡುತ್ತದೆ. ಸರಿಯಾದ ದಾರಿ ಇಸಿಯು ಮರುಟ್ಯೂನ್. ಅಲ್ಲದೆ ಎಥೆನಾಲ್‌ಗೆಂದು ತಯಾರಾಗದ ಹಳೆಯ ರಬ್ಬರ್ ಪೊರೆ, ಹೋಸ್, ಓ ರಿಂಗ್‌ಗಳು ಉಬ್ಬಿ ಬಿರುಕು ಬಿಡಬಹುದಾದ್ದರಿಂದ, ರೆಗ್ಯುಲೇಟರ್ ಬದಲಿಸುವಾಗ ಇವನ್ನೂ ಒಟ್ಟಿಗೆ ಬದಲಿಸುವುದು ಲಾಭದಾಯಕ.

ಯಾವ ಕಾರಿಗೆ ಅನ್ವಯಿಸದು

ಇತ್ತೀಚಿನ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗೆ ಪಂಪ್ ಜೊತೆಯಲ್ಲೇ ಇರುತ್ತದೆ. ಎಂಜಿನ್ ಬಳಿ ರಿಟರ್ನ್ ಪೈಪೂ ಇಲ್ಲ, ವ್ಯಾಕ್ಯೂಮ್ ಹೋಸೂ ಇಲ್ಲ. ಐಡಲ್‌ನಲ್ಲಿಯೂ ಒತ್ತಡ ಬದಲಾಗುವುದಿಲ್ಲ. ಅದನ್ನು ದೋಷವೆಂದು ಭಾವಿಸಬಾರದು. ಡೀಸೆಲ್ ಕಾಮನ್ ರೈಲ್ ಎಂಜಿನ್‌ಗಳ ಒತ್ತಡ ಸಾವಿರ ಬಾರ್ ಮೀರುತ್ತದೆ. ಅಲ್ಲಿಂದ ಚಿಮ್ಮಿದ ಸೂಜಿಯಂತಹ ಧಾರೆ ಚರ್ಮ ಸೀಳಿ ಒಳಹೊಕ್ಕು ಕೈ ಕತ್ತರಿಸುವ ಸ್ಥಿತಿ ತರಬಲ್ಲದು. ಪೆಟ್ರೋಲ್ ಗೇಜ್ ಹಿಡಿದು ಡೀಸೆಲ್ ಕಾರಿನ ಬಳಿ ಹೋಗಬಾರದು.

ಕಾನೂನಿನ ಮಾತು

ಕೆಟ್ಟ ರೆಗ್ಯುಲೇಟರ್ ಬದಲಿಗೆ ಅದೇ ಅಳತೆಯದನ್ನು ಹಾಕುವುದು ರಿಪೇರಿ. ಟರ್ಬೊ ಕೂರಿಸುವುದು, ಬೇರೆ ಎಂಜಿನ್ ಹಾಕುವುದು ಮಾರ್ಪಾಡು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ಭಿನ್ನವಾಗುವಂತೆ ವಾಹನ ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಾದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು. ಗ್ಯಾಸ್ ಕಿಟ್‌ಗೆ ಅವಕಾಶವಿದೆ. ಆದರೆ ಅನುಮೋದಿತ ಕಿಟ್ ಆಗಿರಬೇಕು ಮತ್ತು ಆರ್‌ಸಿಯಲ್ಲಿ ನಮೂದಾಗಬೇಕು. ಕೆಎ-64 ಸಂಖ್ಯೆಯ ವಾಹನಗಳ ಮಾಲೀಕರು ಇದಕ್ಕಾಗಿ ಮಧುಗಿರಿಯ ಸಾರಿಗೆ ಕಚೇರಿಯನ್ನು ಸಂಪರ್ಕಿಸಬೇಕಾಗುತ್ತದೆ. ಆರ್‌ಸಿಯಲ್ಲಿಲ್ಲದ ಮಾರ್ಪಾಡು ಇರುವ ಕಾರಿಗೆ ಬೆಂಕಿ ತಗುಲಿದರೆ ವಿಮಾ ಕಂಪನಿ ಪರಿಹಾರಕ್ಕೆ ತಕರಾರು ತೆಗೆಯುವ ಸಾಧ್ಯತೆಯೂ ಇದೆ.